ಶಾಸಕರ ವಾರ: ಊರಲ್ಲಿ ಅರ್ಜಿ, ಬೆಂಗಳೂರಲ್ಲಿ ಫೈಲು

ಬೆಳಿಗ್ಗೆ ಏಳಕ್ಕೇ ಶಾಸಕರ ಮನೆ ಮುಂದೆ ಚಪ್ಪಲಿ ರಾಶಿ. ಒಬ್ಬರದ್ದು ಸುಟ್ಟುಹೋದ ಟ್ರಾನ್ಸ್‌ಫಾರ್ಮರ್ ದೂರು, ಇನ್ನೊಬ್ಬರಿಗೆ ವರ್ಗಾವಣೆಗೆ ಶಿಫಾರಸು ಪತ್ರ, ಮತ್ತೊಬ್ಬರ ಕೈಲಿ ಮದುವೆ ಕಾರ್ಡು. ಮದುವೆ ತಪ್ಪಿಸಿದರೆ ಮುಂದಿನ ಎಲೆಕ್ಷನ್‌ವರೆಗೂ ಮರೆಯಲ್ಲ ಬಿಡಿ!

ಆದರೆ ಬಿಗಿ ಹಿಡಿತ ಇರೋದು ತಾಲ್ಲೂಕು ಕಚೇರಿಯಲ್ಲಿ. ಬಗರ್ ಹುಕುಂ ಸಮಿತಿಗೆ ಸಾಮಾನ್ಯವಾಗಿ ಕ್ಷೇತ್ರದ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಸರ್ಕಾರಿ ಜಮೀನನ್ನು ವರ್ಷಗಟ್ಟಲೆ ಉತ್ತ ರೈತ ಅದನ್ನು ಸಕ್ರಮ ಮಾಡಿಕೊಡಿ ಅಂತ ನಮೂನೆ 57ರ ಅರ್ಜಿ ಹಾಕಿದ್ದರೆ, ಅದು ಬರೋದು ಈ ಮೇಜಿಗೇ. ಸಭೆಯೇ ಸೇರದಿದ್ದರೆ? ಅರ್ಜಿಗೆ ಧೂಳು.

ಅಧಿವೇಶನ ಶುರುವಾದರೆ ವಿಧಾನಸೌಧ. ಚಳಿಗಾಲದಲ್ಲಿ ಬೆಳಗಾವಿಯ ಸುವರ್ಣಸೌಧ. 224 ಸ್ಥಾನದ ಸದನದಲ್ಲಿ ಮೈಕ್ ಸಿಗೋದೇ ದೊಡ್ಡದು. ಅದಕ್ಕೇ ಚುಕ್ಕೆ ಗುರುತಿನ ಪ್ರಶ್ನೆಗೆ ಬೆಲೆ. ಸರದಿ ಬಂದರೆ ಸಚಿವರು ಎದ್ದುನಿಂತು ಉತ್ತರಿಸಬೇಕು, ಮೇಲೆ ಉಪಪ್ರಶ್ನೆಯನ್ನೂ ಎಸೆಯಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ, ಅಷ್ಟೇ.

ಅಧಿವೇಶನ ಇಲ್ಲದ ದಿನ ಪತ್ರ ಹಿಡಿದು ಮಹಡಿ ಹತ್ತಿ ಇಳಿಯೋದು. ಸಚಿವರ ಷರಾ ಬಿದ್ದರೂ ಆರ್ಥಿಕ ಇಲಾಖೆ ತಲೆಯಾಡಿಸದಿದ್ದರೆ ನಿಮ್ಮೂರ ಸೇತುವೆ ಕಾಗದದ ಮೇಲೇ.

ನಿಮ್ಮ ಶಾಸಕರು ಸದನದಲ್ಲಿ ಏನು ಕೇಳಿದ್ದಾರೆ? ವಿಧಾನಸಭೆಯ ವೆಬ್‌ಸೈಟ್‌ನಲ್ಲಿ ಪ್ರಶ್ನೋತ್ತರಗಳು ಸಿಗುತ್ತವೆ, ಒಮ್ಮೆ ಹುಡುಕಿ.