ವಾಲ್ವ್ ತೆರೆಯುವ ಹೊತ್ತು

ಬುಕ್ಕಾಂಬುಧಿಯ ರಸ್ತೆ ಬದಿ, ತಗಡಿನ ಶೆಡ್ಡಿನ ಮುಂದೆ ಬಾನೆಟ್ ಎತ್ತಿಕೊಂಡು ನಿಂತ ಪೆಟ್ರೋಲ್ ಕಾರು ಗಡಗಡ ನಡುಗುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಸರಿಹೋಗುತ್ತದೆ, ಕಾಲು ತೆಗೆದರೆ ಮತ್ತೆ ಅದೇ ನಡುಕ. ಮೀಟರಿನ ಪಕ್ಕ ಹಳದಿ ದೀಪ. ಮೆಕ್ಯಾನಿಕ್ ಹುಡುಗ ಡಿಪ್‌ಸ್ಟಿಕ್ ಎಳೆದು ಆಯಿಲನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿದ. ಕಡುಗಪ್ಪು, ಜೊತೆಗೆ ತರಿ.

“ಅಣ್ಣಾ, ಆಯಿಲ್ ಯಾವಾಗ ಬದಲಾಯಿಸಿದ್ದು?”

“ಹೋದ ವರ್ಷ ಈರುಳ್ಳಿ ಬಿತ್ತೋಕೆ ಮುಂಚೆ ಇರಬೇಕು ಕಣಪ್ಪ.”

ಹುಡುಗ ಮಾತಾಡಲಿಲ್ಲ. ಹೆಡ್ಡಿನ ಪಕ್ಕದ ಬೋಲ್ಟ್ ಬಿಚ್ಚಿ, ಬೆರಳುದ್ದದ ಒಂದು ವಾಲ್ವನ್ನು ತಿರುಗಿಸುತ್ತ ಮೆಲ್ಲಗೆ ಹೊರಗೆಳೆದ. ಒಂದು ತುದಿಗೆ ವೈರಿನ ಸಾಕೆಟ್, ಇನ್ನೊಂದು ಕಡೆ ನವಿರಾದ ಜಾಲರಿ. ಜಾಲರಿಯ ಕಣ್ಣೆಲ್ಲ ಜಿಡ್ಡಿನಿಂದ ಮುಚ್ಚಿಹೋಗಿತ್ತು.

ಎಂಜಿನ್ನಿನ ಜಾಣತನದ ಒಂದು ಪಾಲು ಈ ಪುಟ್ಟ ಸಾಮಾನಿನ ಮೇಲೆ ನಿಂತಿದೆ. ಕೆರೆಯ ತೂಬನ್ನು ನೀರಗಂಟಿ ಪೈರಿನ ಅಗತ್ಯ ನೋಡಿ ಎತ್ತುತ್ತಾನೆ, ಇಳಿಸುತ್ತಾನೆ. ಹಳೆಯ ಎಂಜಿನ್ನಿಗೆ ಆ ಸವಲತ್ತು ಇರಲಿಲ್ಲ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್‌ಶಾಫ್ಟ್ ಒಂದು ಸುತ್ತು. ಅದರ ಉಬ್ಬು ಸಿಲಿಂಡರಿನ ವಾಲ್ವನ್ನು ಒತ್ತುವ ಗಳಿಗೆ ಕಾರ್ಖಾನೆಯಲ್ಲೇ ನಿಗದಿ. ನಿಮಿಷಕ್ಕೆ 3000 ಸುತ್ತಿನಲ್ಲಿ ಪ್ರತಿ ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಆ ವೇಗದಲ್ಲಿ ನುಗ್ಗಿ ಬರುವ ಗಾಳಿಗೆ ತನ್ನದೇ ರಭಸವಿರುತ್ತದೆ. ಪಿಸ್ಟನ್ ತಳ ಮುಟ್ಟಿ ಮೇಲೇಳತೊಡಗಿದ ಮೇಲೂ ಅದು ಒಳಗೆ ಬರುತ್ತಲೇ ಇರುತ್ತದೆ, ಹಾಗಾಗಿ ಒಳವಾಲ್ವನ್ನು ತಡವಾಗಿ ಮುಚ್ಚುವುದೇ ಲಾಭ. ನಿಧಾನದಲ್ಲಿ ಆ ರಭಸ ಇಲ್ಲ. ತಡಮಾಡಿದರೆ ಒಳಬಂದದ್ದನ್ನು ಪಿಸ್ಟನ್ನೇ ಹೊರಕ್ಕೆ ತಳ್ಳುತ್ತದೆ, ಪಿಕಪ್ ಸಾಯುತ್ತದೆ. ಒಂದೇ ಟೈಮಿಂಗ್ ಇದ್ದ ಕಾಲದಲ್ಲಿ ಎಂಜಿನಿಯರ್ ಎರಡರಲ್ಲಿ ಒಂದನ್ನು ಬಿಟ್ಟುಕೊಡಲೇಬೇಕಿತ್ತು.

ಹೊಸ ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟಿನ ತುದಿಯ ಚಕ್ರದೊಳಗೆ ಸಣ್ಣ ಸಣ್ಣ ಕೋಣೆಗಳಿವೆ. ಈ ಜಾಲರಿಯ ವಾಲ್ವ್ ಎಂಜಿನ್ ಆಯಿಲನ್ನೇ ಆ ಕೋಣೆಗಳಿಗೆ ಹರಿಸಿ, ಕ್ಯಾಮನ್ನು ಒಂದಿಷ್ಟು ಡಿಗ್ರಿ ಮುಂದಕ್ಕೋ ಹಿಂದಕ್ಕೋ ಸರಿಸುತ್ತದೆ. ಎಷ್ಟು ಸರಿಸಬೇಕೆಂಬುದು ಕಂಪ್ಯೂಟರಿನ ಲೆಕ್ಕ. ಆಯಿಲ್ ಗಟ್ಟಿಯಾದರೆ ಕ್ಯಾಮ್ ಮುಂದಕ್ಕೆ ಸರಿದಲ್ಲೇ ಸಿಕ್ಕಿಕೊಳ್ಳಬಹುದು. ಆಗ ಐಡಲಿನಲ್ಲಿ ಒಳವಾಲ್ವೂ ಹೊರವಾಲ್ವೂ ಒಟ್ಟಿಗೆ ತೆರೆದು, ಸುಟ್ಟ ಹೊಗೆ ಹೊಸ ಗಾಳಿಯ ಜೊತೆ ಬೆರೆತು ಎಂಜಿನ್ ನಡುಗುತ್ತದೆ. ಅದೇ ಬೆರಕೆ ಹದವಾಗಿ, ಹೆಚ್ಚು ಭಾರವಿಲ್ಲದ ಓಟದಲ್ಲಿ ಆದರೆ ಪೆಟ್ರೋಲ್ ಉಳಿಯುತ್ತದೆ, ನೈಟ್ರೋಜನ್ ಆಕ್ಸೈಡಿನ ವಿಷವೂ ತಗ್ಗುತ್ತದೆ.

ಮಾರಾಟಕ್ಕೆ ಬಂದ ಕಾರಿನಲ್ಲಿ ಕ್ಯಾಮ್ ಸರಿಸುವ ಉಪಾಯವನ್ನು ಮೊದಲು ಅಳವಡಿಸಿದ್ದು ಇಟಲಿಯ ಆಲ್ಫಾ ರೋಮಿಯೊ, 1980ರಲ್ಲಿ. 1989ರಲ್ಲಿ ಹೋಂಡಾ ಬೇರೆಯದೇ ಉಪಾಯ ಮಾಡಿ, ವೇಗ ಹೆಚ್ಚಿದಾಗ ಎತ್ತರದ ಉಬ್ಬಿಗೆ ಬದಲಾಗುವ ವಿಟೆಕ್ ತಂದಿತು; 1.6 ಲೀಟರಿನಲ್ಲಿ 160 ಅಶ್ವಶಕ್ತಿ! ನಮ್ಮ ಬಿಡದಿಯಿಂದ 2005ರಲ್ಲಿ ಹೊರಬಂದ ಇನ್ನೋವಾದ ಪೆಟ್ರೋಲ್ ಎಂಜಿನ್ನಿನಲ್ಲೂ ಕ್ಯಾಮ್ ಸರಿಸುವ ಟೊಯೋಟಾದ ವಿವಿಟಿ-ಐ ಇತ್ತು. ಜನ ಮುಗಿಬಿದ್ದದ್ದು ಡೀಸೆಲ್ಲಿಗೆ, ಆ ಮಾತು ಬೇರೆ.

ಜಾಹೀರಾತುಗಳು ಹೆದ್ದಾರಿಯ ವೇಗವನ್ನೇ ಹೊಗಳುತ್ತವೆ. ಈ ತಂತ್ರದ ನಿಜವಾದ ಬೆಲೆ ಗೊತ್ತಾಗುವುದು ಇಂಥ ಊರುಗಳಲ್ಲಿ ಎಂದೇ ನನ್ನ ನಂಬಿಕೆ. ದನಗಳ ಹಿಂದೆ ಎರಡನೇ ಗೇರಿನಲ್ಲಿ ತೆವಳಿ, ಡಿಕ್ಕಿ ತುಂಬ ಮೂಟೆ ಹೇರಿಕೊಂಡು ಏರು ಹತ್ತಿ, ಅದೇ ಸಂಜೆ ಬೆಂಗಳೂರಿನ ದಾರಿ ಹಿಡಿಯಬೇಕಾದ ಬಡಪಾಯಿ ಸಣ್ಣ ಎಂಜಿನ್ ಎರಡೂ ಕೆಲಸ ಮಾಡುತ್ತದಲ್ಲ, ಅದು ದೊಡ್ಡದು.

ಹುಡುಗ ಜಾಲರಿಗೆ ಕ್ಲೀನರ್ ಹೊಡೆದು, ವೈರು ಕೊಟ್ಟು ಒಳಗಿನ ಪಿನ್ನು ಹಿಂದೆ ಮುಂದೆ ಆಡುವುದನ್ನು ಮಾಲೀಕರಿಗೆ ತೋರಿಸಿದ. ಹಳೆ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, 5ಡಬ್ಲ್ಯೂ-30 ಸುರಿದ. ಸ್ಟಾರ್ಟ್ ಮಾಡಿದಾಗ ಮೊದಲು ಟಿಕಟಿಕ ಅಂದಿತು, ಆಯಿಲ್ ಮೇಲೇರಿದ್ದೇ ಸದ್ದು ನಿಂತು ಐಡಲ್ ಹದಕ್ಕೆ ಬಂತು.

“ಕಿಲೋಮೀಟರ್ ಬರೆದು ಅಂಟಿಸಿದೀನಿ ಅಣ್ಣಾ. ಅಷ್ಟು ಓಡದಿದ್ರೂ ವರ್ಷಕ್ಕೊಂದ್ಸಲ ಬಂದುಬಿಡಿ.”

“ಆಯ್ತು ಬಿಡಪ್ಪ. ಎಷ್ಟಾಯ್ತು ಹೇಳು.”