ಕಾಲ್‌ಮನ್ ಸಿಂಡ್ರೋಮ್

ಕಾಲ್‌ಮನ್ ಸಿಂಡ್ರೋಮ್ ಎಂಬುದು ಲೈಂಗಿಕ ಹಾರ್ಮೋನುಗಳ ಕೊರತೆಯೊಂದಿಗೆ ವಾಸನೆ ಗ್ರಹಿಸುವ ಶಕ್ತಿಯೂ ಕುಂದಿರುವ, ಹುಟ್ಟಿನಿಂದಲೇ ಇರುವ ಅಪರೂಪದ ಕಾಯಿಲೆ. ಜರ್ಮನ್ ಮೂಲದ ಮನೋವೈದ್ಯ ಫ್ರಾಂಜ್ ಕಾಲ್‌ಮನ್ 1944ರಲ್ಲಿ ಇದರ ಆನುವಂಶಿಕತೆಯನ್ನು ವಿವರಿಸಿದರು.

ಕಾರಣ

ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಸ್ರವಿಸುವ ನರಕೋಶಗಳು ಭ್ರೂಣದ ಮೂಗಿನ ಭಾಗದಲ್ಲಿ ಹುಟ್ಟಿ, ವಾಸನೆಯ ನರಗಳ ಜಾಡಿನಲ್ಲಿ ಮೆದುಳಿನ ಹೈಪೋಥಲಾಮಸ್ ಸೇರುತ್ತವೆ. ವಂಶವಾಹಿಗಳ ದೋಷದಿಂದ ಈ ಚಲನೆ ತಡೆಯಲ್ಪಟ್ಟಾಗ ಪಿಟ್ಯುಟರಿ ಗ್ರಂಥಿಗೆ ಪ್ರಚೋದನೆ ದೊರೆಯದು. ವೃಷಣ ಅಥವಾ ಅಂಡಾಶಯಗಳು ಸಾಕಷ್ಟು ಹಾರ್ಮೋನು ಉತ್ಪಾದಿಸಲಾರವು.

ಲಕ್ಷಣ ಮತ್ತು ಚಿಕಿತ್ಸೆ

ಪ್ರೌಢಾವಸ್ಥೆಯ ಬದಲಾವಣೆಗಳು ಕಾಣಿಸದಿರುವುದು ಮುಖ್ಯ ಲಕ್ಷಣ. ಇದನ್ನು ಕೇವಲ ತಡವಾದ ಬೆಳವಣಿಗೆಯೆಂದು ಭಾವಿಸಿ ಚಿಕಿತ್ಸೆ ವಿಳಂಬಿಸಿದರೆ ಮೂಳೆಗಳು ದುರ್ಬಲವಾಗುತ್ತವೆ. ಪುರುಷರಿಗೆ ಟೆಸ್ಟೋಸ್ಟೆರಾನ್, ಸ್ತ್ರೀಯರಿಗೆ ಈಸ್ಟ್ರೋಜೆನ್ ಹಾಗೂ ಪ್ರೊಜೆಸ್ಟೆರಾನ್ ನೀಡಲಾಗುತ್ತದೆ. ಸಂತಾನ ಬಯಸುವವರಿಗೆ ಇವು ಸಾಲವು. ಗೊನಡೊಟ್ರೋಪಿನ್ ಚುಚ್ಚುಮದ್ದಿನಿಂದ ಅನೇಕರು ತಂದೆತಾಯಿಗಳಾಗಬಲ್ಲರು.