‘ಅಕ್ಯೂಟ್’: ಕೋನದಿಂದ ಕಾಯಿಲೆಯವರೆಗೆ ಒಂದು ಪದ

ಥಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿಮುಂಬಯಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ದಿನಚರಿ ಹಲವು ಭಾಷೆಗಳ ನಡುವೆ ಸಾಗುತ್ತದೆ. ಮನೆಯಲ್ಲಿ ಕನ್ನಡ, ನೆರೆಹೊರೆಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಆಸ್ಪತ್ರೆಯ ಚೀಟಿಯಲ್ಲಿ ಇಂಗ್ಲಿಷ್. ಇಂತಹ ಪರಿಸರದಲ್ಲಿ ಪದೇ ಪದೇ ಎದುರಾಗುವ ಇಂಗ್ಲಿಷ್ ಪದಗಳಲ್ಲಿ ‘ಅಕ್ಯೂಟ್’ ಒಂದು. ಮಗುವಿನ ರೇಖಾಗಣಿತದ ಪುಸ್ತಕದಲ್ಲಿ ಅದು ನಿರುಪದ್ರವಿ. ತಂದೆಯ ವೈದ್ಯಕೀಯ ವರದಿಯಲ್ಲಿ ಅದೇ ಪದವು ಮನೆಮಂದಿಯ ನಿದ್ರೆ ಕೆಡಿಸಬಲ್ಲದು.

ಈ ಪದದ ಮೂಲ ಲ್ಯಾಟಿನ್. ‘ಹರಿತಗೊಳಿಸಿದ’ ಎಂಬುದು ಅಲ್ಲಿ ಅದರ ಅರ್ಥ. ಸೂಜಿಯನ್ನು ಸೂಚಿಸುವ ‘ಅಕುಸ್’ ಅದರ ಬಂಧು. ಸೂಜಿ ಚುಚ್ಚಿ ಚಿಕಿತ್ಸೆ ನೀಡುವ ಅಕ್ಯುಪಂಕ್ಚರ್ ಎಂಬ ಹೆಸರಿನಲ್ಲಿಯೂ ಅದೇ ಸೂಜಿಯಿದೆ. 90 ಡಿಗ್ರಿಗಿಂತ ಕಡಿಮೆಯಾದ ಕೋನದ ತುದಿ ಚೂಪಾಗಿರುವುದರಿಂದ ಇಂಗ್ಲಿಷರು ಅದನ್ನು ಹೀಗೆ ಕರೆದರು. ನಮ್ಮವರು ತುದಿಯನ್ನು ನೋಡದೆ ಅಳತೆಯನ್ನು ನೋಡಿ ‘ಲಘುಕೋನ’ ಎಂದರು. ಮರಾಠಿಯಲ್ಲಿಯೂ ಅದು ಲಘುಕೋನವೇ; ಹಿಂದಿಯಲ್ಲಿ ನ್ಯೂನಕೋಣ. 90 ಡಿಗ್ರಿಯ ಲಂಬಕೋನವು ಹಿಂದಿಯಲ್ಲಿ ಸಮಕೋಣ, ಮರಾಠಿಯಲ್ಲಿ ಕಾಟಕೋನ. (ಕನ್ನಡದ ಕಿವಿಗೆ ಇದು ಕಾಟ ಕೊಡುವ ಕೋನವೆಂದೇ ಕೇಳಿಸೀತು!) ಹಿಂದಿಯ ‘ಅಧಿಕಕೋಣ’ ನಮ್ಮ ವಿಶಾಲಕೋನವಾದರೆ, ಕನ್ನಡದ ‘ಸರಳಾಧಿಕಕೋನ’ 180 ಡಿಗ್ರಿಯನ್ನು ಮೀರಿದ್ದು. ಶಾಲೆಯ ಮಾಧ್ಯಮ ಬದಲಿಸಿದ ಮಗು ಇಲ್ಲಿ ತಪ್ಪಿದರೆ ಅದು ಗಣಿತದ ದೋಷವಲ್ಲ.

ವಿಶಾಲಕೋನಕ್ಕೆ ಇಂಗ್ಲಿಷಿನಲ್ಲಿ ‘ಅಬ್ಟ್ಯೂಸ್’ ಎನ್ನುತ್ತಾರೆ. ಮೊಂಡಾದದ್ದು ಎಂದು ಅದರ ಮೂಲಾರ್ಥ. ಮಂದಬುದ್ಧಿಯವರಿಗೂ ಇದೇ ವಿಶೇಷಣವುಂಟು. ಕುಶಾಗ್ರಬುದ್ಧಿ, ಮೊಂಡುಬುದ್ಧಿ ಎಂದು ಮಾತನಾಡುವ ನಮಗೆ ಇದು ಹೊಸದೇನಲ್ಲ. ಧ್ವನಿಯಲ್ಲಿ ಹತ್ತಿರವಾದ ‘ಅಬ್ಸ್ಟ್ರೂಸ್’ ಮಾತ್ರ ಬೇರೆಯೇ ಪದ. ಅದರ ಅರ್ಥ ಗೂಢವಾದದ್ದು, ಸುಲಭವಾಗಿ ತಿಳಿಯದ್ದು. ಇನ್ನು ಮುದ್ದಾದ ಮಗುವಿಗೆ ಹೇಳುವ ‘ಕ್ಯೂಟ್’ ಹುಟ್ಟಿದ್ದು ‘ಅಕ್ಯೂಟ್’ನ ಮೊದಲಕ್ಷರ ಉದುರಿ. 18ನೆಯ ಶತಮಾನದಲ್ಲಿ ಅದರ ಅರ್ಥ ಚತುರ ಎಂದಿತ್ತು.

ವೈದ್ಯಕೀಯದಲ್ಲಿ ಈ ಪದದ ಬಳಕೆ ಹೆಚ್ಚಿನ ಎಚ್ಚರವನ್ನು ಬೇಡುತ್ತದೆ. ಡೊಂಬಿವಲಿಯ ಪರಿಚಿತ ಹಿರಿಯರೊಬ್ಬರು ಕೆಮ್ಮಿಗೆ ಔಷಧಿ ಪಡೆದು ಬಂದಾಗ ಚೀಟಿಯಲ್ಲಿ ‘ಅಕ್ಯೂಟ್ ಬ್ರಾಂಕೈಟಿಸ್’ ಎಂದಿತ್ತು. ಮಗನು ನಿಘಂಟಿನಲ್ಲಿ ‘ತೀವ್ರ’ ಎಂಬ ಅರ್ಥವನ್ನು ಕಂಡು ಗಾಬರಿಯಿಂದ ಊರಿನ ಬಂಧುಗಳನ್ನು ಕರೆಸಿದ. ಎರಡು ವಾರಗಳಲ್ಲಿ ಕೆಮ್ಮು ವಾಸಿಯಾಯಿತು. ಅದೇ ಚೀಟಿಯ ಮುಂದಿನ ಸಾಲಿನಲ್ಲಿದ್ದ ಸಕ್ಕರೆ ಕಾಯಿಲೆಯನ್ನು ಮಾತ್ರ ಯಾರೂ ಗಮನಿಸಿರಲಿಲ್ಲ.

ವೈದ್ಯರ ಭಾಷೆಯಲ್ಲಿ ‘ಅಕ್ಯೂಟ್’ ಎಂಬುದು ಕಾಯಿಲೆಯ ಬಲವನ್ನಲ್ಲ, ಕಾಲವನ್ನು ಹೇಳುತ್ತದೆ: ಹಠಾತ್ತನೆ ತೋರಿಕೊಂಡದ್ದು, ಸಾಮಾನ್ಯವಾಗಿ ಅಲ್ಪಾವಧಿಯದು. ಸಾಧಾರಣ ನೆಗಡಿಯೂ ಅಕ್ಯೂಟ್, ಹೃದಯಾಘಾತವೂ ಅಕ್ಯೂಟ್. ಇದಕ್ಕೆ ಎದುರಾದ ‘ಕ್ರಾನಿಕ್’ ದೀರ್ಘಕಾಲ ಉಳಿಯುವಂಥದು. ಸಕ್ಕರೆ ಕಾಯಿಲೆ ಈ ಬಗೆಯದು. ಕಾಯಿಲೆ ಉಗ್ರವಾಗಿದೆ ಎನ್ನಲು ‘ಸಿವಿಯರ್’ ಎಂಬ ಬೇರೆ ಪದವಿದೆ. 2003ರಲ್ಲಿ ಹಲವು ದೇಶಗಳನ್ನು ಕಾಡಿದ ಸಾರ್ಸ್ ರೋಗದ ಪೂರ್ಣ ಹೆಸರಿನಲ್ಲಿ ಸಿವಿಯರ್, ಅಕ್ಯೂಟ್ ಎರಡೂ ಜೊತೆಯಾಗಿವೆ. ಒಂದೇ ಅರ್ಥವಿದ್ದಿದ್ದರೆ ಎರಡರ ಅಗತ್ಯವಿರುತ್ತಿರಲಿಲ್ಲ. ಕನ್ನಡದಲ್ಲಿ ಎರಡಕ್ಕೂ ‘ತೀವ್ರ’ ಎಂದೇ ಬರೆಯುವ ರೂಢಿ ಬೆಳೆದಿರುವುದು ದುರದೃಷ್ಟಕರ. ಆಯುರ್ವೇದವು ನವಜ್ವರ, ಜೀರ್ಣಜ್ವರ ಎಂದು ಹಿಂದೆಯೇ ಕಾಲದ ಭೇದವನ್ನು ಗುರುತಿಸಿತ್ತು.

ಪೋಲಿಯೋ ಕಣ್ಗಾವಲಿನ ಸೂಚನೆಗಳಲ್ಲಿ ಈ ಭೇದದ ಮಹತ್ವ ಸ್ಪಷ್ಟವಾಗುತ್ತದೆ. 2014ರಲ್ಲಿ ಭಾರತವು ಪೋಲಿಯೋಮುಕ್ತವೆಂದು ಪ್ರಮಾಣಿತವಾದ ಮೇಲೂ ಈ ಕಣ್ಗಾವಲು ನಿಂತಿಲ್ಲ. 15 ವರ್ಷದೊಳಗಿನ ಮಗುವಿನ ಕೈಯೋ ಕಾಲೋ ಹಠಾತ್ತನೆ ಜೋಲುಬಿದ್ದು ಬಲಗುಂದಿದರೆ ಅದನ್ನು ವರದಿ ಮಾಡಬೇಕು. ಇದರ ಇಂಗ್ಲಿಷ್ ಹೆಸರು ‘ಅಕ್ಯೂಟ್ ಫ್ಲಾಸಿಡ್ ಪ್ಯಾರಲಿಸಿಸ್’. ಇಲ್ಲಿ ‘ತೀವ್ರ’ ಎಂದು ಬರೆದರೆ, ನಿನ್ನೆಯಿಂದ ಸ್ವಲ್ಪವೇ ಕುಂಟುತ್ತಿರುವ ಮಗುವಿನ ತಾಯಿ ‘ನಮ್ಮದು ಅಷ್ಟು ತೀವ್ರವಲ್ಲ’ ಎಂದು ಮನೆಯಲ್ಲಿಯೇ ಉಳಿದಾಳು. ಆದುದರಿಂದ ಈ ಲೇಖಕನು ಅಲ್ಲಿ ‘ಹಠಾತ್’ ಎಂದೇ ಬರೆಯುತ್ತಾನೆ.